ಸಣ್ಣ ದನಿಗೆ ಬಾಗಿಲು ಹಾಕುವ ಮಿಕ್ಸರು

ನನಗೆ ಎಡಗಿವಿ ಅರ್ಧಕ್ಕರ್ಧ ಕೇಳಿಸುವುದಿಲ್ಲ. ಈ ಗುಟ್ಟನ್ನು ಗಿರಾಕಿಗಳ ಮುಂದೆ ಬಿಟ್ಟುಕೊಡುವುದಿಲ್ಲ, ನೀವು ನಮ್ಮವರೆಂದು ಹೇಳುತ್ತಿದ್ದೇನೆ. ರಾಮನಗರದಲ್ಲಿ ಮೈಕ್ ಸೆಟ್ ಬಾಡಿಗೆಗೆ ಕೊಡುವ ಅಂಗಡಿ ನನ್ನದು. ಸೈಕಲ್ ಕ್ಯಾರಿಯರಿಗೆ ಒಂದು ಹಾರ್ನ್ ಕಟ್ಟಿಕೊಂಡು ಶುರು ಮಾಡಿದವನು ಇವತ್ತು ವ್ಯಾನಿನಲ್ಲಿ ಓಡಾಡುತ್ತೇನೆ. ಆ ಹಾರ್ನುಗಳ ಮಗ್ಗುಲಲ್ಲೇ ನಿಂತು ನಿಂತು ಕಿವಿ ಹೋಯಿತು. ಬೋಳುತಲೆಯವನು ಬಾಚಣಿಗೆ ಅಂಗಡಿ ಇಟ್ಟ ಹಾಗೆ ಎಂದು ನನ್ನ ಹೆಂಡತಿ ಆಡಿಕೊಳ್ಳುತ್ತಾಳೆ. ಬೇಕೆಂದೇ ಬಲಗಡೆ ನಿಂತು ಹೇಳುತ್ತಾಳೆ, ಆದ್ದರಿಂದ ಕೇಳಿಸುತ್ತದೆ.

ಕಿವಿ ಕೈಕೊಟ್ಟಿದ್ದರಿಂದಲೇ ನಾನು ಡಿಜಿಟಲ್ ಮಿಕ್ಸರ್ ಕೊಂಡೆ ಎಂದರೆ ನಗಬೇಡಿ. ಮಿಕ್ಸರ್ ಎಂದರೆ ಚಟ್ನಿ ರುಬ್ಬುವುದಲ್ಲ. ವೇದಿಕೆಯ ಮೈಕುಗಳ ವೈರುಗಳೆಲ್ಲ ಬಂದು ಸೇರುವ ಪೆಟ್ಟಿಗೆ. ಯಾರ ದನಿ ಎಷ್ಟು ಏರಬೇಕು, ಯಾರದು ಎಷ್ಟು ಇಳಿಯಬೇಕು ಎಂಬುದು ಅಲ್ಲಿ ತೀರ್ಮಾನವಾಗಿ ಆಮೇಲೆ ಸ್ಪೀಕರಿಗೆ ಹೋಗುತ್ತದೆ. ಹಳೆಯ ಮಿಕ್ಸರಿನಲ್ಲಿ ಸಾಲುಸಾಲು ಗುಂಡಿಗಳು, ಅವನ್ನೆಲ್ಲ ಕಿವಿ ನಂಬಿಯೇ ತಿರುಗಿಸಬೇಕು. ಹೊಸದರಲ್ಲಿ ಪರದೆ ಇದೆ. ದನಿ ಬಂದರೆ ಹಸಿರು ಪಟ್ಟಿ ಕುಣಿಯುತ್ತದೆ, ಹದ ಮೀರಿದರೆ ಕೆಂಪಗಾಗುತ್ತದೆ. ಕಿವುಡನಿಗೂ ಸದ್ದು ಕಾಣುತ್ತದೆ.

ಕೊಳ್ಳುವಾಗ ಮೂರು ದರ್ಜೆ ಇದ್ದವು. ಅಗ್ಗದ್ದು ಕೊಂಡರೆ ಗಿರಾಕಿ ಬಯ್ಯುತ್ತಾನೆ, ದುಬಾರಿಯದು ಕೊಂಡರೆ ಹೆಂಡತಿ ಬಯ್ಯುತ್ತಾಳೆ. ನಡುವಣದು ಕೊಂಡರೆ ಇಬ್ಬರೂ ಬಯ್ಯುತ್ತಾರೆ, ಆದರೆ ಸ್ವಲ್ಪ ಮೆಲ್ಲಗೆ. ನಾನು ನಡುವಣದನ್ನೇ ಹಿಡಿದೆ. ಒಂದು ಬುದ್ಧಿಮಾತು ಕೇಳಿ: ಬೆಂಗಳೂರಿನ ಅಂಗಡಿಯವನು ಟೀ ತರಿಸಿದರೆ ಕುಡಿಯಬೇಡಿ. ಕುಡಿದರೆ ಅರ್ಧ ಒಪ್ಪಿದ ಹಾಗೆ. ನನ್ನ ಮುಂದೆ ಟೀ ಆರಿ ಕೆನೆಕಟ್ಟಿತು, ನಾನು ಲೋಟ ಮುಟ್ಟಲಿಲ್ಲ. ಕೊನೆಗೆ ಅವನೇ ಸೋತು ಬೆಲೆ ಇಳಿಸಿ, ಮೇಲೊಂದು ಚೀಲವನ್ನೂ ಕೊಟ್ಟು, 'ನಿಮ್ಮಂಥೋರು ದಿನಕ್ಕೊಬ್ರು ಬಂದ್ರೆ ನಾನು ಬಾಗಿಲು ಮುಚ್ಚಬೇಕಾಗುತ್ತೆ ಸಾರ್' ಎಂದ. ಆ ಮಾತನ್ನು ನಾನು ಪ್ರಶಸ್ತಿ ಪತ್ರದಂತೆ ಇಂದಿಗೂ ಇಟ್ಟುಕೊಂಡಿದ್ದೇನೆ.

ಯಂತ್ರ ಒಳ್ಳೆಯದೇ. ಮೊದಲೆಲ್ಲ ಇಬ್ಬರು ಹೊರುತ್ತಿದ್ದ ಸಾಮಾನು ಈಗ ಕಂಕುಳಲ್ಲಿ ಬರುತ್ತದೆ. ಮಾಗಡಿಯ ಛತ್ರದಲ್ಲಿ ಆರ್ಕೆಸ್ಟ್ರಾದವರಿಗೆ ಹದ ಕೂರಿಸಿ ಒಂದು ಗುಂಡಿ ಒತ್ತಿಟ್ಟರೆ, ಮುಂದಿನ ಸಲ ಅದೇ ಛತ್ರಕ್ಕೆ ಹೋದಾಗ ಇನ್ನೊಂದು ಗುಂಡಿ ಒತ್ತಿದರೆ ಸಾಕು, ದನಿ ಏರಿಸಿ ಇಳಿಸುವ ಜಾರುಗುಂಡಿಗಳೆಲ್ಲ ತಾವಾಗಿಯೇ ಸರಸರನೆ ಎದ್ದು ತಮ್ಮ ತಮ್ಮ ಜಾಗಕ್ಕೆ ಹೋಗಿ ನಿಲ್ಲುತ್ತವೆ. ಮೊದಲ ಸಲ ನೋಡಿದ ಛತ್ರದ ಅಡುಗೆ ಭಟ್ಟರು ಎರಡು ಹೆಜ್ಜೆ ಹಿಂದೆ ಸರಿದರು. ಕೈಯಲ್ಲೊಂದು ಟ್ಯಾಬ್ ಹಿಡಿದರೆ ಪಂಕ್ತಿಯಲ್ಲಿ ಕೂತು ಉಣ್ಣುತ್ತಲೇ ನಾದಸ್ವರವನ್ನು ಏರಿಸಿ ಇಳಿಸಬಹುದು. ಕೈಲಾಂಚದ ಕಡೆ ಒಂದು ಮನೆಯ ಗೃಹಪ್ರವೇಶಕ್ಕೆ ಹೋದಾಗ ಪಕ್ಕದ ಮನೆಯ ಹೆಂಗಸು ಓಡಿ ಬಂದು, 'ಹುಳ ಜ್ವರಕ್ಕೆ ಕೂತವೆ ಕಣಣ್ಣ, ಆ ಗುಡುಗುಡು ಒಸಿ ಇಳ್ಸು' ಎಂದಳು. ರೇಷ್ಮೆ ಹುಳ ಪೊರೆ ಬಿಡುವ ಮುಂಚೆ ಸೊಪ್ಪು ಬಿಟ್ಟು ಅಲುಗದೆ ಕೂರುತ್ತದೆ. ಅದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ನಾನು ಅವಳ ಮನೆಯ ಬಾಗಿಲಿಗೇ ಟ್ಯಾಬ್ ಹಿಡಿದು ಹೋಗಿ, ಹುಳದ ತಟ್ಟೆಗಳು ಅದುರುವುದು ನಿಲ್ಲುವವರೆಗೆ ಬರೀ ಆ ಗುಡುಗುಡುವನ್ನಷ್ಟೇ ಇಳಿಸಿಕೊಟ್ಟೆ. ಹಳೆಯ ಪೆಟ್ಟಿಗೆಯಲ್ಲಿ ಇದು ಆಗುತ್ತಿರಲಿಲ್ಲ.

ಹಾಗೆಂದು ನಾಳೆಯೇ ಹೋಗಿ ಕೊಂಡುಬಿಡಬೇಡಿ. ಬಿಸಿಲಿಗೆ ಆ ಪರದೆ ಕಪ್ಪು ಹಲಗೆಯಾಗುತ್ತದೆ, ತಲೆಯ ಮೇಲೆ ಟವೆಲ್ ಹೊದ್ದು ಇಣುಕಬೇಕು. ಕರೆಂಟು ಕಣ್ಣು ಮಿಟುಕಿಸಿದರೆ ಹಳೆಯ ಮಿಕ್ಸರು ಜೊತೆಗೇ ಕಣ್ಣು ಬಿಡುತ್ತಿತ್ತು. ಇದು ನಿದ್ದೆಯಿಂದ ಎದ್ದ ಅಳಿಯನ ಹಾಗೆ ಮೈಮುರಿದು, ಕಂಪನಿಯ ಚಿತ್ರ ತೋರಿಸಿ, ಆಮೇಲೆ ಬಾಯಿ ಬಿಡುತ್ತದೆ. ಅಷ್ಟರಲ್ಲಿ ಭಾಷಣಕಾರ ಬೆವರಿರುತ್ತಾನೆ. ಜನ ಸೇರಿ ನೂರಾರು ಮೊಬೈಲು ಒಟ್ಟಾದರೆ ಟ್ಯಾಬಿಗೂ ಮಿಕ್ಸರಿಗೂ ನಡುವಿನ ಮಾತು ಕಡಿಯುತ್ತದೆ. ಕೆಟ್ಟರೆ ಇಲ್ಲಿ ರಿಪೇರಿ ಮಾಡುವವರಿಲ್ಲ. ಇವೆಲ್ಲ ಸಹಿಸಬಹುದಾದ ಐಬುಗಳು. ಇದರ ನಿಜವಾದ ಐಬು ಒಂದಿದೆ. ಅಂಗಡಿಯವನು ಅದನ್ನು ಗುಣವೆಂದು ಹೇಳಿ ಮಾರಿದ್ದ, ನಾನೂ ಗುಣವೆಂದೇ ಕೊಂಡಿದ್ದೆ.

ಅದರ ಹೆಸರು ಗೇಟ್. ಪ್ರತಿ ಮೈಕಿನ ಒಳಗೂ ಕಾಣದ ಬಾಗಿಲೊಂದನ್ನು ಕೂರಿಸಬಹುದು. ದನಿ ಇಷ್ಟು ಗಟ್ಟಿಯಾಗಿದ್ದರೆ ತೆರೆ, ಅದಕ್ಕಿಂತ ಸಣ್ಣದಾದರೆ ಮುಚ್ಚು ಎಂದು ಅದಕ್ಕೆ ಹೇಳಿಟ್ಟರೆ ಮುಗಿಯಿತು. ಜನರೇಟರಿನ ಗುರುಗುರು, ಫ್ಯಾನಿನ ಪಟಪಟ, ಮುಂದಿನ ಸಾಲಿನ ಹೆಂಗಸರ ಪಿಸುಮಾತು ಯಾವುದೂ ಒಳಗೆ ಬರುವುದಿಲ್ಲ. ವೇದಿಕೆಯ ಮೇಲೆ ನಾಲ್ಕಾರು ಮೈಕು ತೆರೆದಿದ್ದರೂ ಸ್ಪೀಕರ್ ಕುಂಯ್ ಎಂದು ಕೂಗುವುದಿಲ್ಲ. ಚನ್ನಪಟ್ಟಣದ ಒಂದು ಸಭೆಗೆ ಈ ಬಾಗಿಲುಗಳನ್ನು ಹದವಾಗಿ ಕೂರಿಸಿ, 'ಸಭೆ' ಎಂದು ಹೆಸರಿಟ್ಟು ನೆನಪಿಗೆ ಹಾಕಿದ್ದೆ. ಅಲ್ಲಿಂದಾಚೆ ಯಾವ ಸಭೆ ಬರಲಿ, ಅದೇ ಗುಂಡಿ ಒತ್ತುತ್ತಿದ್ದೆ. ನಮ್ಮ ಕಡೆ ಸಭೆಗಳಲ್ಲಿ ಮೈಕು ಹಿಡಿಯುವವರಿಗೆ ಸಣ್ಣ ದನಿ ಎಂಬುದೇ ಇರುವುದಿಲ್ಲವಲ್ಲ.

ಕನಕಪುರದಾಚೆ ಒಂದು ಹಳ್ಳಿ. ಊರಿಗೆ ಅಂಟಿದಂತೆ ಕಲ್ಲು ಕ್ವಾರಿ. ಅದನ್ನು ಶಾಲೆಯ ಪಕ್ಕದ ಗುಡ್ಡದವರೆಗೂ ಬೆಳೆಸಬೇಕೆಂದು ಕ್ವಾರಿಯವರು ಅರ್ಜಿ ಹಾಕಿದ್ದರು. ಊರವರು ಏನೆನ್ನುತ್ತಾರೆಂದು ಕೇಳಿ ಬರೆದುಕೊಳ್ಳಲು ಶಾಲೆಯ ಅಂಗಳದಲ್ಲಿ ಸರ್ಕಾರದ ಸಭೆ. ಶಾಮಿಯಾನ, ಕುರ್ಚಿ, ಮೈಕಿನ ಏರ್ಪಾಡು ಕ್ವಾರಿಯ ಮ್ಯಾನೇಜರ್ ಲೋಕೇಶನದು. ನಮ್ಮ ಕಸುಬಿನಲ್ಲಿ ಒಂದು ಕಟ್ಟಳೆ ಉಂಟು: ಎಲೆ ಅಡಿಕೆಯ ಮೇಲೆ ಅಡ್ವಾನ್ಸ್ ಇಟ್ಟು ಕೊಟ್ಟವನೇ ಆವತ್ತಿನ ಮಟ್ಟಿಗೆ ಮೈಕಿನ ಯಜಮಾನ. ಅವನು ಏರಿಸು ಎಂದರೆ ಏರಿಸಬೇಕು, ಇಳಿಸು ಎಂದರೆ ಇಳಿಸಬೇಕು. ಲೋಕೇಶ ಎಲೆ ಅಡಿಕೆ ಕೊಟ್ಟಿದ್ದ.

ಸಭೆಗೆ ಮುಂಚೆ ಅವನು ನನ್ನ ಬಳಿ ಬಂದ. ಪುಣ್ಯಕ್ಕೆ ಬಲಗಡೆಯೇ ನಿಂತ.

'ಅಣ್ಣ, ಕೆಂಪಣ್ಣ ಅಂತ ಒಬ್ಬ ಬತ್ತಾನೆ. ಅವ್ನಿಗೆ ಮೈಕು ಒಸಿ ಕಮ್ಮಿ ಮಾಡ್ಬುಡಿ. ನಿಮ್ದು ಹೊಸಾ ಮಿಸಿನ್ನಲ್ವಾ, ಕೂತಲ್ಲೇ ಮಾಡ್ಬೋದಂತಲ್ಲ, ಯಾರ್ಗೂ ಗೊತ್ತಾಗಕಿಲ್ವಂತೆ.'

ಕೆಂಪಣ್ಣ ಆ ಕ್ವಾರಿಯಲ್ಲೇ ಡ್ರಿಲ್ ಹಿಡಿದು ಬಂಡೆ ಕೊರೆದವನು. ಧೂಳು ಕುಡಿದು ಎದೆ ಕಲ್ಲಾಗಿ ಮನೆ ಸೇರಿದ್ದ. ಕ್ವಾರಿಯೊಳಗೆ ಏನು ನಡೆಯುತ್ತದೆ ಎಂದು ಕಂಡವರು ಊರಲ್ಲಿ ಬೇಕಾದಷ್ಟು ಜನ ಇದ್ದರು, ಆದರೆ ಅವರೆಲ್ಲ ಇನ್ನೂ ಅಲ್ಲೇ ಕೂಲಿಗೆ ಹೋಗುವವರು. ಬಾಯಿ ಬಿಡಬಲ್ಲವನು ಇವನೊಬ್ಬ. ಇವನಿಗೆ ಬಾಯಿತ್ತು, ಉಸಿರಿರಲಿಲ್ಲ.

ನಾನು ಲೋಕೇಶನಿಗೆ ಹೂಂ ಎನ್ನಲಿಲ್ಲ, ಊಹೂಂ ಎನ್ನಲೂ ಇಲ್ಲ. ವ್ಯಾಪಾರದಲ್ಲಿ ಇದು ಹಳೆಯ ಪಟ್ಟು. ಎದುರಿನವನಿಗೆ ಒಪ್ಪಿದ ಹಾಗೂ ಕಾಣಬೇಕು, ಕೈ ತೊಳೆದುಕೊಳ್ಳಲು ದಾರಿಯೂ ಇರಬೇಕು. 'ಸಭೆ' ಗುಂಡಿ ಒತ್ತಿ, ಟ್ಯಾಬ್ ಹಿಡಿದು ವೇದಿಕೆಯ ಪಕ್ಕದ ನೆರಳಿಗೆ ಹೋಗಿ ನಿಂತೆ. ಮಿಕ್ಸರು ಹಿಂದೆ, ಕೊನೆಯ ಸಾಲಿನಾಚೆ ಇತ್ತು.

ಬರೆದುಕೊಳ್ಳಲು ಬಂದಿದ್ದ ಅಧಿಕಾರಿ ಹೆಂಗಸು. ನೇರ ಸ್ವಭಾವದವರು. 'ಎಲ್ಲರಿಗೂ ಕೇಳಿಸುವ ಹಾಗೆ ಮೈಕಿನಲ್ಲಿ ಹೇಳಿ. ಕೇಳಿಸಿದ್ದನ್ನಷ್ಟೇ ನಾನು ಬರೆದುಕೊಳ್ಳೋಕಾಗೋದು' ಎಂದು ಮೊದಲೇ ಹೇಳಿದರು. ಕ್ವಾರಿಯ ಪರವಾಗಿ ಮಾತಾಡಿದವರೆಲ್ಲ ಉಂಡು ತೇಗಿದ ದನಿಯವರು. ಬಾಗಿಲುಗಳು ಅವರಿಗೆ ತಾವಾಗಿ ತೆರೆದುಕೊಂಡವು. ರಸ್ತೆ ಬರುತ್ತದೆ, ಕೆಲಸ ಬರುತ್ತದೆ ಎಂಬುದು ಗುಡ್ಡಕ್ಕೆ ಬಡಿದು ಎರಡೆರಡು ಸಲ ಕೇಳಿಸಿತು.

ಆಮೇಲೆ ಕೆಂಪಣ್ಣನನ್ನು ಅವನ ಹೆಂಡತಿ ಜಯಮ್ಮ ತೋಳು ಹಿಡಿದು ಕರೆತಂದಳು. ಮೈಕು ಹಿಡಿದ. ತುಟಿ ಆಡಿದವು. ಸ್ಪೀಕರಿನಲ್ಲಿ ಏನೂ ಇಲ್ಲ. ಆಮೇಲೆ ಒಂದು ಕೆಮ್ಮು ಬಂತು, ಇಡೀ ಅಂಗಳಕ್ಕೆ ಸಿಡಿಮದ್ದು ಹಾರಿದ ಹಾಗೆ. ಮತ್ತೆ ತುಟಿ ಆಡಿದವು, ಮತ್ತೆ ಏನೂ ಇಲ್ಲ. ಮತ್ತೆ ಕೆಮ್ಮು.

'ಏಯ್, ಮೈಕ್ ಕೆಟ್ಟೋಗೈತೆ ಕಣ್ಲಾ!' ಎಂದು ಹಿಂದಿನಿಂದ ಯಾರೋ ಕೂಗಿದರು.

'ಕೆಟ್ಟೋಗಿರೋದು ಮೈಕಲ್ಲ ಕಣ್ಲಾ, ಅವನೆದೆ' ಎಂದ ಇನ್ನೊಬ್ಬ. ನಾಲ್ಕು ಜನ ನಕ್ಕರು, ನಕ್ಕಿದ್ದಕ್ಕೆ ತಾವೇ ತಲೆ ತಗ್ಗಿಸಿದರು.

ಲೋಕೇಶ ದೂರದಿಂದ ನನಗೆ ಹೆಬ್ಬೆರಳೆತ್ತಿ ತೋರಿಸಿದ. ಆದರೆ ನಾನು ಏನನ್ನೂ ಇಳಿಸಿರಲಿಲ್ಲ. ಟ್ಯಾಬ್ ನೋಡಿದೆ. ಕೆಂಪಣ್ಣನ ಮೈಕಿನಿಂದ ಒಳಗೆ ಬರುವ ದನಿಯ ಹಸಿರು ಪಟ್ಟಿ ಸಣ್ಣಗೆ ಮಿಡಿಯುತ್ತಿದೆ, ಎಂದರೆ ಅವನು ಮಾತಾಡುತ್ತಿದ್ದಾನೆ. ಸ್ಪೀಕರಿಗೆ ಹೊರಹೋಗುವ ದನಿಯ ಪಟ್ಟಿ ಕಪ್ಪು. ಬಾಗಿಲು ಮುಚ್ಚಿದೆ. ಮನುಷ್ಯನ ಮಾತು ಅದಕ್ಕೆ ಗಲೀಜಾಗಿ, ಕೆಮ್ಮು ದನಿಯಾಗಿ ಕಂಡಿತ್ತು. ಲೋಕೇಶ ನನ್ನಿಂದ ಕೇಳಿದ್ದನ್ನು ಯಂತ್ರ ತಾನಾಗಿಯೇ, ಎಲೆ ಅಡಿಕೆ ಇಲ್ಲದೆ, ಮಾಡಿಕೊಟ್ಟಿತ್ತು.

ಅಧಿಕಾರಿ ಪೆನ್ನು ಎತ್ತಿ ಹಿಡಿದು, 'ಏನೂ ಕೇಳಿಸ್ಲಿಲ್ಲ, ಇನ್ನೊಂದ್ಸಲ ಹೇಳ್ತೀರಾ?' ಎಂದರು. ಕೆಂಪಣ್ಣ ಜಯಮ್ಮನ ಮುಖ ನೋಡಿದ. ಇನ್ನೊಂದು ಸಲಕ್ಕಾಗುವಷ್ಟು ಉಸಿರು ಇದೆಯೋ ಇಲ್ಲವೋ ಎಂದು ಅವಳನ್ನೇ ಕೇಳುವಂತಿತ್ತು. ಅವಳು ಅವನನ್ನು ಕುರ್ಚಿಯಲ್ಲಿ ಕೂರಿಸಿ ನೀರು ಕುಡಿಸಿದಳು.

ನಾನು ಟ್ಯಾಬಿನಲ್ಲಿ ಗೇಟ್ ತೆಗೆಯಲು ಒತ್ತಿದೆ. ಚಕ್ರ ಸುತ್ತಿತು. ಮತ್ತೆ ಒತ್ತಿದೆ, ಮತ್ತೆ ಸುತ್ತಿತು. ಅಷ್ಟೂ ಮೊಬೈಲುಗಳ ನಡುವೆ ಅಷ್ಟರಲ್ಲಿ ಸಂಪರ್ಕ ಕಡಿದಿತ್ತು. ಇನ್ನು ಎಲ್ಲರ ಕಣ್ಣೆದುರು ನಡುದಾರಿಯಲ್ಲಿ ಹಿಂದಿನವರೆಗೆ ನಡೆದೇ ಹೋಗಬೇಕು. ಒಳ್ಳೆಯದನ್ನು ಮರೆಯಲ್ಲಿ ನಿಂತು ಮಾಡುವ ಸವಲತ್ತನ್ನು ಯಂತ್ರ ನನಗೆ ಕೊಡಲಿಲ್ಲ.

ಅರ್ಧ ದಾರಿಯಲ್ಲಿ ಲೋಕೇಶ ಅಡ್ಡ ಬಂದ. 'ಎಲ್ಲಿಗೋಯ್ತಿದ್ದೀರಣ್ಣ? ಚೆನ್ನಾಗೇ ಐತಲ್ಲ.'

'ಏನಪ್ಪ ಚೆನ್ನಾಗಿರೋದು? ಕೇಳುಸ್ತಾನೇ ಇಲ್ವಲ್ಲ.'

'ಅದೇ ಕಣಣ್ಣ ಚೆನ್ನಾಗಿರೋದು. ಎಲೆ ಅಡ್ಕೆ ಈಸ್ಕಂಡಿದ್ದೀರ, ಮರೀಬ್ಯಾಡಿ.'

'ನೀನು ಎಲೆ ಅಡ್ಕೆ ಕೊಟ್ಟಿದ್ದು ಮೈಕಿಗೆ ಕಣಪ್ಪ. ಬಾಯಿ ಮುಚ್ಚೋದಕ್ಕೆ ರೇಟ್ ಬ್ಯಾರೆ. ಅದುನ್ನ ನಾವು ಮಾತಾಡಿಲ್ಲ' ಎಂದೆ. ಧೈರ್ಯದ ಮಾತೆಂದು ತಿಳಿಯಬೇಡಿ. ಹೆದರಿದಾಗ ನನಗೆ ಬರುವುದು ಚೌಕಾಸಿಯ ಮಾತೊಂದೇ.

ಮಿಕ್ಸರಿನ ಬಳಿ ಹೋಗಿ, ಟವೆಲ್ ಹೊದ್ದು, ಎಲ್ಲ ಬಾಗಿಲುಗಳನ್ನೂ ತೆಗೆದುಹಾಕಿ ಕೆಂಪಣ್ಣನ ಮೈಕನ್ನು ಏರಿಸಿದೆ. ಜನರೇಟರು ಬಂತು, ಫ್ಯಾನು ಬಂತು, ಶಾಮಿಯಾನದ ಬಟ್ಟೆ ಪಟಗುಟ್ಟುವುದು ಬಂತು. ಇಷ್ಟು ಕೊಳಕು ಸೌಂಡನ್ನು ನಾನು ಜನ್ಮದಲ್ಲಿ ಕೊಟ್ಟಿರಲಿಲ್ಲ. ಇವುಗಳ ನಡುವೆ ಕೆಂಪಣ್ಣನ ಉಸಿರು ಬಂತು, ಒದ್ದೆ ಮರಕ್ಕೆ ಗರಗಸ ಹಾಕಿದ ಹಾಗೆ. ಅದರ ಹಿಂದೆ ಮಾತು.

'ನೀರ್ ಹಾಕ್ಕಂಡ್ ಕೊರೀಬೇಕು ಸ್ವಾಮಿ... ಧೂಳ್ ಏಳಕಿಲ್ಲ. ನೀರ್ ಹಾಕುದ್ರೆ ತಡ ಆಯ್ತದೆ ಅಂತ... ಒಣಗ್ಲೇ ಕೊರ್ಸುದ್ರು. ನನ್ ಜತೆ ಇದ್ದೋರು... ಯಾರೂ ಇಲ್ಲ ಈಗ. ಇಸ್ಕೂಲ್ ಮಗ್ಗುಲ್ಗೆ ಬ್ಯಾಡಿ... ಐಕಳು ಉಸಿರಾಡ್ಬೇಕು.'

ಅಷ್ಟೇ. ಮೈಕು ಮಡಿಲಿಗೆ ಬಿತ್ತು. ಅಧಿಕಾರಿ ಬರೆದುಕೊಂಡದ್ದನ್ನು ಗಟ್ಟಿಯಾಗಿ ಓದಿದರು. ಅಚ್ಚುಕಟ್ಟಾದ ಕನ್ನಡದಲ್ಲಿ, ಎಲ್ಲೂ ನಿಲ್ಲದ ಸಾಲುಗಳಾಗಿ ಅದು ಬೇರೆ ಯಾರದೋ ಮಾತಿನಂತೆ ಕೇಳಿಸಿತು. 'ಸರಿಯಾಗಿದೆಯಾ?' ಎಂದರು. ಕೆಂಪಣ್ಣ ತಲೆಯಾಡಿಸಿದ. 'ಬಾಯಲ್ಲಿ ಹೇಳಬೇಕು' ಎಂದರು. ಜಯಮ್ಮ ಮೈಕು ತೆಗೆದುಕೊಂಡಳು.

'ಸರಿಯಾಗೈತೆ ಕಣವ್ವ. ಕೆಮ್ಮೊಂದು ಬುಟ್ಟೋಗೈತೆ. ಅದುನ್ನೂ ಬರ್ಕಳಿ.'

ಅಧಿಕಾರಿ ಒಂದು ಗಳಿಗೆ ಅವಳನ್ನೇ ನೋಡಿ, ಬಗ್ಗಿ ಬರೆದರು. ಏನು ಬರೆದರೋ ನನಗೆ ಗೊತ್ತಿಲ್ಲ. ಕ್ವಾರಿಯ ಅರ್ಜಿಯ ತೀರ್ಮಾನ ಇನ್ನೂ ಬಂದಿಲ್ಲ. ಹಳೆಯ ಕ್ವಾರಿಯಲ್ಲಿ ಡ್ರಿಲ್ಲಿನ ಸದ್ದು ನಿಂತಿಲ್ಲ. ಲೋಕೇಶ ಈಗ ಎದುರು ಸಿಕ್ಕರೆ ನನ್ನ ಕೆಟ್ಟ ಕಿವಿಯ ಕಡೆಯಿಂದ ದಾಟಿ ಹೋಗುತ್ತಾನೆ.

ಆದ್ದರಿಂದ, ಮಿಕ್ಸರು ಕೊಳ್ಳಬಹುದೇ ಎಂದು ನೀವು ಕೇಳಿದರೆ, ಕೊಳ್ಳಿ. ಟೀ ಮಾತ್ರ ಮುಟ್ಟಬೇಡಿ. ಆದರೆ ಅದರ ನೆನಪನ್ನು ನಂಬಬೇಡಿ. ನಿನ್ನೆಯ ಸಭೆಯ ಹದವನ್ನು ಇವತ್ತಿನ ಸಭೆಗೆ ಹೊದಿಸಬೇಡಿ. ಮೈಕು ಹಿಡಿಯುವವರಲ್ಲಿ ಎಲ್ಲರಿಗಿಂತ ಬಡಕಲು ದನಿ ಯಾರದೆಂದು ಮೊದಲು ವಿಚಾರಿಸಿ, ಅವರಿಗೆ ಬಾಗಿಲು ತೆರೆಯುತ್ತದೆಯೇ ನೋಡಿ. ದೊಡ್ಡ ದನಿಯವರ ಚಿಂತೆ ಬಿಡಿ, ಅವರು ಬಾಗಿಲು ಒಡೆದಾದರೂ ಬರುತ್ತಾರೆ.

ಮಳೆ ಹಿಡಿಯುವ ಮುಂಚೆ ಕೆಂಪಣ್ಣ ತೀರಿಕೊಂಡ. ನಮ್ಮ ಕಡೆ ಹೆಣ ಎತ್ತುವವರೆಗೂ ಭಜನೆ ಕೂರುತ್ತದೆ, ಭಜನೆಗೆ ಮೈಕು ಇರುತ್ತದೆ. ಯಾರೂ ಕರೆಯದಿದ್ದರೂ ವ್ಯಾನು ತೆಗೆದುಕೊಂಡು ಹೋದೆ. ನಾನು ಸ್ಪೀಕರ್ ಇಳಿಸಲು ಕೈ ಹಾಕಿದಾಗ ಜಯಮ್ಮ ಹೊರಗೆ ಬಂದಳು.

'ಮೈಕ್ ಬ್ಯಾಡ ಕಣಣ್ಣ' ಎಂದಳು. 'ಬಂದು ಕೂತ್ಕ.'

ಕಸುಬು ಹಿಡಿದಾಗಿನಿಂದ ನಾನು ಯಾವ ಮನೆಗೂ ಬರಿಗೈಯಲ್ಲಿ ಹೋಗಿ ಕೂತವನಲ್ಲ. ಕೈ ಎಲ್ಲಿಡಬೇಕೋ ತಿಳಿಯಲಿಲ್ಲ. ಚಪ್ಪರದ ಕೊನೆಯಲ್ಲಿ, ಬೀದಿಗೆ ಬೆನ್ನು ಹಾಕಿ ಕೂತೆ. ಭಜನೆಯ ಮುದುಕರು ಮೂರೇ ಜನ. ಒಬ್ಬರಿಗೆ ಹಲ್ಲಿಲ್ಲ, ಇಬ್ಬರಿಗೆ ಕ್ವಾರಿಯ ಕೆಮ್ಮು. ಅವರ ದನಿ ನಾನು ಕೂತಲ್ಲಿಗೆ ಬರಲಾರದೆಂದು ಲೆಕ್ಕ ಹಾಕಿದೆ. ಇಷ್ಟು ವರ್ಷದ ಅನುಭವದಲ್ಲಿ ಆ ಲೆಕ್ಕ ತಪ್ಪಿದವನಲ್ಲ. ಆದರೆ ಒಂದೊಂದು ಪದವೂ ಬಿಡಿಬಿಡಿಯಾಗಿ ಬಂತು. ನನ್ನ ಹಿಂದೆ ಬೀದಿಯಲ್ಲಿ ನಿಂತವರಿಗೂ ಕೇಳಿಸುತ್ತಿತ್ತೆಂದು ಕಾಣುತ್ತದೆ. ತಿರುಗಿ ನೋಡಿದರೆ ಊರಿಗೆ ಊರೇ ಅಲ್ಲಿತ್ತು, ಮತ್ತು ಯಾರೂ ಮಾತಾಡುತ್ತಿರಲಿಲ್ಲ.