ಶೇಷ ಏಳು

ಮಟ್ಟಗೋಲಕ್ಕ ಎಂಬ ಹೆಸರು ಅವಳಿಗೆ ಬಂದದ್ದು ಕೈಯಲ್ಲಿದ್ದ ಮಟ್ಟಗೋಲಿನಿಂದಲ್ಲ, ಯಾರಿಗೂ ಬಾಗದ ನಾಲಗೆಯಿಂದ. ಗಂಡ ಹೋದ ಮೇಲೆ ಅವನು ಗಾರೆ ಹಚ್ಚುತ್ತಿದ್ದ ಕರಣೆಯನ್ನೇ ಹಿಡಿದು ಟೈಲ್ಸ್ ಕೂರಿಸಲು ನಿಂತವಳು. ಓದಿದ್ದು ನಾಲ್ಕನೇ ಕ್ಲಾಸು. ಭಾಗಾಕಾರ ಕಲಿತ ವರ್ಷವೇ ಶಾಲೆ ಬಿಡಿಸಿದ್ದರು. ಆದರೆ ನೆಲ ನೋಡಿದರೆ ಸಾಕು, ಎಷ್ಟು ಸಾಲು, ಸಾಲಿಗೆಷ್ಟು ಎಂದು ಬಾಯಲ್ಲೇ ಹೇಳುವಳು.

ಆ ವರ್ಷ ಆಸ್ಪತ್ರೆಯ ಮಕ್ಕಳ ವಿಭಾಗದ ಗೋಡೆ ಕೆಲಸ ಸಿಕ್ಕಿತು. ಊರಿನ ಶಾಲೆಗಳ ಮಕ್ಕಳು ತಲಾ ಒಂದರಂತೆ ಎರಡಂಗುಲದ ಟೈಲ್ಸಿನ ಮೇಲೆ ಚಿತ್ರ ಬಿಡಿಸಿ, ಹೆಸರು ಬರೆದು ಕೊಟ್ಟಿದ್ದರು. ಅವಳೂ ಜೊತೆಗೆ ಕೆಲಸಕ್ಕೆ ಬರುತ್ತಿದ್ದ ನಾದಿನಿಯೂ ಎರಡೆರಡು ಸಲ ಎಣಿಸಿದರು. ಹತ್ತು ಸಾವಿರದ ಏಳು.

"ಉದ್ದ ಅಗಲ ಎಷ್ಟಾದ್ರೂ ಇರ್ಲಿ, ನಾಲ್ಕು ಮೂಲೆ ಚೌಕಟ್ಟಿನೊಳಗೆ ನೀಟಾಗಿ ಕೂರಬೇಕು. ಒಂದೂ ಮಿಗಬಾರ್ದು, ಒಂದು ಸಂದೂ ಕಾಣಬಾರ್ದು" ಎಂದ ಇಂಜಿನಿಯರ್.

ಸಿಮೆಂಟ್ ಚೀಲದ ಮೇಲೆ ಕೂತು ಅವಳು ಸೀಮೆಸುಣ್ಣದಲ್ಲಿ ನೆಲದ ತುಂಬ ಭಾಗಿಸಿದಳು. ಮೂರರ ಸಾಲಿಗೆ ಎರಡು ಮಿಕ್ಕಿತು, ಏಳಕ್ಕೆ ನಾಲ್ಕು. ಇಪ್ಪತ್ಮೂರಕ್ಕೆ ಇನ್ನೇನು ಸಿಕ್ಕಿತು ಎನ್ನುವಾಗ ಮತ್ತೆ ಎರಡು.

"ನೂರರಾಚೆ ನೋಡೋದು ಬೇಡ್ವಾ, ಅತ್ತಿಗೆ?"

"ಬೇಡ ಕಣೇ. ಉದ್ದ ಅಗಲ ಎರಡೂ ನೂರು ದಾಟಿದ್ರೆ ಹತ್ತು ಸಾವಿರದ ಇನ್ನೂರಕ್ಕಿಂತ ಜಾಸ್ತಿ ಬೇಕು. ಒಂದು ಕಡೆಯಾದ್ರೂ ನೂರರೊಳಗೇ ಇರ್ಬೇಕು. ಅಲ್ಲೆಲ್ಲಾ ತಡಕಾಡಿದ್ದಾಯ್ತು."

"ಹಾಗಾದ್ರೆ ಕೂರೋದೇ ಇಲ್ವಾ?"

"ಒಂದೇ ಸಾಲಲ್ಲಿ ಕೂರುತ್ತೆ. ಊರಾಚೆವರೆಗೂ ಗೋಡೆ ಕಟ್ಟಿಸು!"

"ಥೇಟ್ ನಿಮ್ಮ ಹಾಗೇ ಮೊಂಡು ಸಂಖ್ಯೆ" ಎಂದು ನಾದಿನಿ ನಕ್ಕಳು.

ಇಂಜಿನಿಯರ್‌ಗೆ ಹೇಳಿದರೆ ಅವನು ಚಿಟಿಕೆ ಹೊಡೆದ. "ಅಷ್ಟೇ ತಾನೇ? ಏಳನ್ನ ಕಸಕ್ಕೆ ಹಾಕಮ್ಮ. ನೂರಕ್ಕೆ ನೂರು, ಚೌಕ! ಯಾರು ಎಣಿಸ್ತಾರೆ?"

"ಆ ಏಳು ಮಕ್ಕಳು ಎಣಿಸ್ತಾರೆ, ಸಾರ್."

"ಹೇಳಿದಷ್ಟು ಮಾಡು. ಇಲ್ಲಾಂದ್ರೆ ಬೇರೆಯವ್ರನ್ನ ಕರೆಸ್ತೀನಿ."

ಕೆಲಸ ಕೈತಪ್ಪೀತೆಂದು ನಾದಿನಿ ಮೊಣಕೈಯಿಂದ ತಿವಿದಳು. ಮಟ್ಟಗೋಲಕ್ಕ ಜಗ್ಗಲಿಲ್ಲ.

"ಕರೆಸಿ. ಅವರಿಗೂ ಇದೇ ಹತ್ತು ಸಾವಿರದ ಏಳು. ಅಂಕಿ ನಿಮಗೆ ಹೆದರುತ್ತಾ? ನಮ್ಮ ಲೆಕ್ಕದ ಮೇಷ್ಟ್ರು ಶೇಷ ಬರೀದೆ ಬಿಟ್ರೆ ಇಡೀ ಲೆಕ್ಕಕ್ಕೇ ಸೊನ್ನೆ ಹಾಕ್ತಿದ್ರು. ಶೇಷ ಅಂದ್ರೆ ಕಸ ಅಲ್ಲ, ಸಾರ್. ಅದೂ ಉತ್ತರಾನೇ."

ಉದ್ಘಾಟನೆಗೆ ಉಳಿದದ್ದು ಹದಿನೈದು ದಿನ. ಬೇರೆ ಯಾರೂ ಸಿಗಲಿಲ್ಲ. ಅವಳು ನೂರಕ್ಕೆ ನೂರು ಕೂರಿಸಿದಳು. ಕಣ್ಣು ಮುಚ್ಚಿ ಎತ್ತಿಟ್ಟಿದ್ದ ಏಳನ್ನು ಚೌಕಟ್ಟಿನ ಹೊರಗೆ, ಪುಟ್ಟ ಮಗುವಿನ ಕಣ್ಣಿನೆತ್ತರಕ್ಕೆ, ಬಾಗಿಲ ಕಡೆಗೆ ಹೊರಟ ಇರುವೆ ಸಾಲಿನಂತೆ ಅಂಟಿಸಿದಳು.

"ಇದೇನಿದು ಬಾಲ? ಕಿತ್ತು ಹಾಕು!"

ಅವಳು ಕರಣೆಯನ್ನು ಇಂಜಿನಿಯರ್ ಕೈಗೇ ಕೊಟ್ಟಳು. "ನೀವೇ ಕೀಳಿ. ಒಂದೊಂದು ಹೆಸರೂ ಗಟ್ಟಿಯಾಗಿ ಓದಿ ಕೀಳಿ."

ಅವನು ಬಗ್ಗಿ ಮೊದಲನೆಯ ಹೆಸರು ಓದಿದ. ಎರಡನೆಯದನ್ನು ತುಟಿಯಲ್ಲೇ ಓದಿದ. ಮೂರನೆಯದಕ್ಕೆ ಹೋಗದೆ ಕರಣೆಯನ್ನು ವಾಪಸು ಕೊಟ್ಟು ಹೊರಟುಹೋದ.

"ನಿಂತು ಏನೇ ನೋಡ್ತೀಯಾ?" ಎಂದಳು ನಾದಿನಿಗೆ. "ಬಕೆಟ್ ತೊಳಿ, ಸಿಮೆಂಟ್ ಕಚ್ಕೊಳ್ಳುತ್ತೆ."