ಮ್ಯೂಸಿಯಮ್ಮಿನ ನೆಲಕ್ಕೆ ನೀರು ಹಾಕಿದವನು

ಆ ನೆಲಕ್ಕೆ ನೀರು ಹಾಕಿದವನು ನಾನು. ಆ ಹೆಂಗಸಲ್ಲ. ಆರು ವರ್ಷ ಈ ಮಾತನ್ನು ಹೊಟ್ಟೆಯಲ್ಲಿಟ್ಟುಕೊಂಡು ತಿರುಗಿದ್ದೇನೆ.

ನಾನು ಬೆಟಗೇರಿಯ ನೇಕಾರ. ಜನರೆದುರು ಕೂತು ಕೈಮಗ್ಗದ ಸೀರೆ ನೇಯ್ದು ತೋರಿಸುವ ಕೆಲಸಕ್ಕೆಂದು ಆರು ವಾರಗಳ ಮಟ್ಟಿಗೆ ನನ್ನನ್ನು ಪೋಲೆಂಡಿನ ಒಂದು ಮ್ಯೂಸಿಯಮ್ಮಿಗೆ ಕಳಿಸಿದ್ದರು. ಅಲ್ಲಿಯವರೆಗೆ ನಾನು ಕಂಡ ಅತಿ ದೂರದ ಊರೆಂದರೆ ಸೊಲ್ಲಾಪುರ. ಓಣಿಯವರು ಮಾಲೆ ಹಾಕಿ ಬೀಳ್ಕೊಟ್ಟರು. ನಾನೂ ಎದೆ ಉಬ್ಬಿಸಿಕೊಂಡೇ ಹೋದೆ.

ಇಳಿದ ದಿನವೇ ನನ್ನ ಕಿವಿ ಕಂಗಾಲಾಯಿತು. ಬಸ್ಸಿನ ತುಂಬ ಜನ, ಒಬ್ಬರೂ ಮಾತಾಡುವುದಿಲ್ಲ. ನಮ್ಮ ಓಣಿ ದಾಟುವಷ್ಟರಲ್ಲಿ ಹತ್ತು ಮಂದಿ ‘ಎಲ್ಲಿಗ್ರಿ?’ ಎಂದು ಕೇಳುತ್ತಾರೆ. ಅದಕ್ಕೆ ಸಿಡುಕುತ್ತಿದ್ದ ನಾನು ಅಲ್ಲಿ ಆ ಒಂದು ಮಾತಿಗೆ ಬಾಯಿ ಬಿಟ್ಟುಕೊಂಡು ಕೂತೆ. ಚಳಿಗಾಲ, ಮಧ್ಯಾಹ್ನ ಮೂರೂವರೆಗೆಲ್ಲ ಕತ್ತಲು. ತಣ್ಣಗಿನ ಬ್ರೆಡ್ಡು. ಒಂಟಿತನ ಅಂದರೆ ಏನೆಂದು ನನಗೆ ಗೊತ್ತಾದದ್ದು ನಲವತ್ತೆಂಟನೆಯ ವಯಸ್ಸಿನಲ್ಲಿ.

ನನ್ನ ಬಳಿ ಬರುತ್ತಿದ್ದವಳು ಒಬ್ಬಳೇ — ಅಲ್ಲಿ ನೆಲ ಒರೆಸುತ್ತಿದ್ದ ಹೆಂಗಸು. ನನ್ನ ಅಕ್ಕನ ವಯಸ್ಸು. ದಿನಾ ಗಾಜಿನ ಲೋಟದಲ್ಲಿ ಚಹಾ ತಂದು ಮಗ್ಗದ ಪಕ್ಕ ಇಡುವಳು, ಎದುರಿಗೆ ಕೂತು ಲಾಳಿ ಓಡುವುದನ್ನೇ ನೋಡುವಳು. ಬರಿಗಾಲಲ್ಲಿ ಮಗ್ಗ ತುಳಿಯುವುದನ್ನು ನೋಡಲಾರದೆ ಒಂದು ದಿನ ಉಣ್ಣೆಯ ಕಾಲುಚೀಲ ಹೆಣೆದು ತಂದಳು. ಭಾಷೆ ಇಲ್ಲದೆಯೂ ನಾವು ನಗುತ್ತಿದ್ದೆವು.

ಆದರೆ ನೂಲು ನಿಲ್ಲುತ್ತಿರಲಿಲ್ಲ. ಕೋಣೆ ಕಾಯಿಸುವ ಯಂತ್ರದ ಒಣ ಗಾಳಿಗೆ, ಮಗ್ಗಕ್ಕೆ ಉದ್ದಕ್ಕೆ ಬಿಗಿದ ಹಾಸಿನ ಎಳೆಗಳು ಪಟಪಟನೆ ಹರಿಯುತ್ತಿದ್ದವು. ನೋಡಲು ಬಂದವರೆದುರು ಗಂಟು ಹಾಕುವುದೇ ನನ್ನ ಕೆಲಸವಾಯಿತು. ಫೋನಿನಲ್ಲಿ ಹೆಂಡತಿಗೆ ಹೇಳಿಕೊಂಡೆ.

“ನೂಲು ಹರಿತಾವಂದ್ರ ಕುಣಿ ಒಣಗಿರ್ತೈತಿ. ನಾಕು ತಂಬಿಗಿ ನೀರ ಹಾಕ್ರಿ, ಆತು,” ಎಂದಳು.

ನಮ್ಮದು ಕುಣಿಮಗ್ಗ. ಕಾಲು ಇಳಿಬಿಡುವ ಮಣ್ಣಿನ ಕುಣಿಗೆ ಬೆಳಿಗ್ಗೆ ನೀರು ಚಿಮುಕಿಸಿದರೆ ಆ ತಂಪಿಗೆ ನೂಲು ಮೆತ್ತಗಿರುತ್ತದೆ. ಅಲ್ಲಿ ಮೇಲಿನ ಮಹಡಿಯಲ್ಲಿ ಕುಣಿ ಎಲ್ಲಿಯದು? ಹಲಗೆಯ ಎತ್ತರದ ಕಟ್ಟೆ ಕಟ್ಟಿ ಅದರ ಮೇಲೆ ಮಗ್ಗ ಹೂಡಿದ್ದರು, ಕೆಳಗೆ ಕಾಲಿಗೆ ಜಾಗ ಬಿಟ್ಟಿದ್ದರು. ಆ ಜಾಗಕ್ಕೆ ದಿನಾ ಬಾಗಿಲು ತೆಗೆಯುವ ಮೊದಲು ಒಂದು ಬಕೆಟ್ ನೀರು ಸುರಿದೆ. ನೂಲು ನನ್ನ ಮಾತು ಕೇಳಿತು. ನನ್ನ ಜಾಣತನಕ್ಕೆ ನಾನೇ ಬೀಗಿದೆ — ಕಟ್ಟಿಗೆಯ ನೆಲ ಮಣ್ಣಿನಂತೆ ನೀರು ಕುಡಿಯುವುದಿಲ್ಲ ಎಂಬ ಅಷ್ಟು ವಿಚಾರವೂ ಹೊಳೆಯಲಿಲ್ಲ.

ಮೂರನೆಯ ವಾರ ಅಧಿಕಾರಿಗಳು ಬಂದರು. ಕೆಳಗಿನ ಕೋಣೆಯಲ್ಲಿ ತೂಗುಹಾಕಿದ್ದ ಹಳೆಯ ಕಾಲದ ನೇಯ್ಗೆಯೊಂದಕ್ಕೆ ಮೇಲಿನಿಂದ ನೀರಿಳಿದು ಕಲೆಯಾಗಿತ್ತು. ನನ್ನ ಮಾತು ತಿಳಿಸಲು ಅವರು ಬೇಕಾದಾಗಷ್ಟೇ ಕರೆಸುತ್ತಿದ್ದ, ಅಲ್ಲೇ ನೆಲೆಸಿದ್ದ ಧಾರವಾಡದ ಹೆಣ್ಣುಮಗಳು ಕೇಳಿದಳು: “ಕಾಕಾ, ಇಲ್ಲಿ ನೀವೇನರ ನೀರ ಹಾಕಿದ್ರೇನ್ರಿ?”

“ನನಗ ಗೊತ್ತಿಲ್ಲವ್ವಾ. ನೆಲಾ ಒರಸಾಕಿ ಆಕಿ. ಆಕೀನ್ನ ಕೇಳ್ರಿ.”

ಗೊತ್ತಿಲ್ಲ ಎಂದಷ್ಟೇ ಅಂದಿದ್ದರೆ... ಇಲ್ಲ, ಅದೂ ಸುಳ್ಳೇ. ಆದರೆ ಎರಡನೆಯ ಮಾತನ್ನು ಯಾರೂ ಕೇಳಿರಲಿಲ್ಲ. ನಾನೇ ಆಡಿದೆ, ಬೆರಳು ಮಾಡಿ ತೋರಿಸಿದೆ. ಆಕೆ ಅಲ್ಲೇ ಬಕೆಟ್ ಹಿಡಿದು ನಿಂತಿದ್ದಳು. ನನ್ನ ಮಾತು ತಿಳಿಯದೆ ಮೊದಲು ನಕ್ಕಳು. ಧಾರವಾಡದವಳು ಅದನ್ನು ಅವರ ಭಾಷೆಯಲ್ಲಿ ಹೇಳಿದ ಮೇಲೆ ನನ್ನನ್ನು ನೋಡಿದಳು — ಏನೋ ಅಂದಳು. ಏನೆಂದು ನಾನು ಕೇಳಲಿಲ್ಲ. ಧೈರ್ಯವಾಗಲಿಲ್ಲ. ಮರುದಿನದಿಂದ ನೆಲ ಒರೆಸಲು ಬೇರೆಯವನು ಬಂದ. ಆಕೆಯನ್ನು ಕೆಲಸದಿಂದ ತೆಗೆದಿದ್ದರು.

ನಡುವೆಯೇ ಊರಿಗೆ ಅಟ್ಟಿಬಿಟ್ಟರೆ ಓಣಿಯಲ್ಲಿ ಮಾನ ಹೋಗುತ್ತದೆ ಎಂದು ಹೆದರಿದ್ದೆ. ಹೆದರಿಕೆ ಅಷ್ಟೇ, ಅದನ್ನು ಕಾರಣವೆಂದು ಮುಂದಿಡಲಾರೆ. ವಾಪಸು ಬಂದಾಗ ಮತ್ತೆ ಮಾಲೆ ಹಾಕಿದರು. ಹಾಕಿಸಿಕೊಂಡೆ. ಅದನ್ನು ನೆನೆದರೆ ಇಂದಿಗೂ ಕುತ್ತಿಗೆ ಉರಿಯುತ್ತದೆ.

ಹೋದ ವಾರ ಹೆಂಡತಿ ಕುಣಿಗೆ ನೀರು ಚಿಮುಕಿಸುವಾಗ ತಡೆಯಲಾರದೆ ಎಲ್ಲ ಹೇಳಿಬಿಟ್ಟೆ. ತಂಬಿಗೆ ಹಿಡಿದೇ ನಿಂತಳು. “ಒಬ್ಬಾಕಿ ಅನ್ನಾ ಕಸಗೊಂಡ ಬಂದು, ಆರು ವರ್ಷ ನನ್ನ ಕೈಲೆ ಉಂಡ್ರೇನ್ರಿ?” ಎಂದವಳು ಉಳಿದ ನೀರನ್ನು ಕುಣಿಗೆ ಸುರಿದು ಒಳಗೆ ಹೋದಳು.

ಧಾರವಾಡದ ಆ ಹೆಣ್ಣುಮಗಳ ನಂಬರು ನನ್ನಲ್ಲಿತ್ತು. ಫೋನು ಮಾಡಿ, ನೀರು ಹಾಕಿದವನು ನಾನೇ, ಮ್ಯೂಸಿಯಮ್ಮಿನವರಿಗೆ ನನ್ನ ಹೆಸರಿನಲ್ಲಿ ಪತ್ರ ಬರೆದುಕೊಡು ಎಂದೆ. “ಬರೀತೀನಿ ಕಾಕಾ,” ಎಂದಳು. ಆಮೇಲೆ ಕೇಳಿದಳು: “ಆಕಿ ಹೆಸರೇನ್ರಿ?”

ಮೂರು ವಾರ ದಿನಾ ನನ್ನೆದುರಿಗೆ ಕೂತವಳು. ನಾನು ಒಮ್ಮೆಯೂ ಕೇಳಿರಲಿಲ್ಲ.