ಜರಡಿಯ ಗೇರಿಗೆ ದೇವಯ್ಯ ಕೊಟ್ಟ ಅಳತೆ

ಮದ್ದೂರಿನ ದೇವಯ್ಯ ಮೂವತ್ತೆಂಟು ವರ್ಷ ಎರಕದ ಕಾರ್ಖಾನೆಗೆ ಮರದ ಅಚ್ಚು ಕೆತ್ತಿದವನು. ಅವನ ಅಚ್ಚು ಮರಳಲ್ಲಿ ಬಿಟ್ಟ ಗುರುತಿಗೆ ಕರಗಿದ ಕಬ್ಬಿಣ ಸುರಿದರೆ ಯಂತ್ರದ ಹಲ್ಲುಚಕ್ರ, ಅಂದರೆ ಗೇರು ಹುಟ್ಟುತ್ತಿತ್ತು. ಕಾರ್ಖಾನೆ ಮುಚ್ಚಿತು. ಜೊತೆಗಾರರಲ್ಲಿ ಕೆಲವರು ಮಣ್ಣಾದರು. ಉಳಿದವರು ಸಿಕ್ಕರೂ ಮಂಡಿನೋವಿನ ಮಾತೇ. ಕೆಲಸ ಅಂತ ಅವನ ಬಾಗಿಲಿಗೆ ಯಾರೂ ಬಾರದೆ ಎರಡು ವರ್ಷವಾಗಿತ್ತು.

ಒಂದು ಬೆಳಗ್ಗೆ ಚಿಕ್ಕರಸಿನಕೆರೆಯ ಅಕ್ಕಿ ಗಿರಣಿಯ ಮುದ್ದಮ್ಮ ಸೆರಗಲ್ಲಿ ಸುತ್ತಿಕೊಂಡು ಬಂದಳು, ಭತ್ತದ ಜರಡಿಯ ಒಡೆದ ಗೇರು.

"ಈ ಯಂತ್ರ ಮಾಡ್ದೋರು ಕಂಪ್ನಿನೇ ಮುಚ್ಚವ್ರೆ ಕಣಣ್ಣ. ಕೊಯಮತ್ತೂರಲ್ಲಿ ಮಾಡ್ಸಿ ತರ್ಸದ್ರೆ ಒಂದೂವರೆ ತಿಂಗ್ಳಂತೆ. ಅಲ್ಲೀಗಂಟ ನನ್ ಭತ್ತ ಮೊಳ್ಕೆ ಒಡೀತದೆ. ಮಂಡ್ಯದಲ್ಲಿ ಒಂದ್ ಎಣ್ಮಗ ನೈಲಾನ್ ದಾರ ಕರಗ್ಸಿ ಗೇರು ಮಾಡ್ತಾಳಂತೆ. ಅರ್ಧ ಹಲ್ಲೇ ಇಲ್ಲ ಇದ್ಕೆ, ಅಳತೆ ಹೇಳಕ್ಕೆ ನಿನ್ ಬುಟ್ರೆ ಯಾರವ್ರೆ?"

ಈ ಗೇರು ಸರಿಹೋದರೆ ಇನ್ನು ನಾಲ್ಕು ಗಿರಣಿಯವರು ಕರೆದಾರು ಅನ್ನಿಸಿತು ದೇವಯ್ಯನಿಗೆ. ಗಡ್ಡ ಹೆರೆದುಕೊಂಡು, ಗೇರನ್ನು ಅಳೆದು, ಕಾರ್ಖಾನೆಯ ಹಳೇ ಅಳತೆಪಟ್ಟಿ ಹಿಡಿದು ಅದರ ಪೂರ್ತಿ ಗಾತ್ರದ ನಕ್ಷೆ ಬರೆದುಕೊಟ್ಟ.

ಅದನ್ನು ಹಿಡಿದು ಇಬ್ಬರೂ ಮಂಡ್ಯಕ್ಕೆ ಹೋದರು. ಆ ಹುಡುಗಿಯ ಹೆಸರು ಬಿಂದುಶ್ರೀ; ನಕ್ಷೆಯನ್ನೇ ಅಳೆದುಕೊಂಡಳು. ಅವಳ ಯಂತ್ರ ಪದರದ ಮೇಲೆ ಪದರ ಕೂರಿಸುತ್ತಾ ಗೇರು ಕಟ್ಟುತ್ತಿತ್ತು.

"ಈ ದಾರದ ಸುರುಳಿ ಒಂದಿದ್ರೆ ಸಾಕು ತಾತ. ಇವತ್ತು ಗೇರು, ನಾಳೆ ಪಂಪಿನ ರೆಕ್ಕೆ. ಬಿಡಿಭಾಗ ಕೂಡಿಡೋದೂ ಬೇಡ, ಲಾರಿ ಕಾಯೋದೂ ಬೇಡ."

ಮಾರನೇ ದಿನ ಗಿರಣಿಯಲ್ಲಿ ಕೂರಿಸಿದರೆ ಗೇರು ಕೂರದು. ನಡುವಿನ ತೂತು ಸಡಿಲ, ಹೊರಗಿನ ಹಲ್ಲು ಬಿಗಿ.

"ಮನೇಲಿ ಸಡ್ಲ, ಈಚ್ಗೆ ಬಿಗಿ. ಥೇಟ್ ನನ್ ಗಂಡನಂಗದೆ!" ಅಂದಳು ಮುದ್ದಮ್ಮ. "ಆ ಎಣ್ಣಿನ ಮಿಷಿನ್ನೇ ಸರಿಯಿಲ್ಲ ಬುಡು."

ದೇವಯ್ಯ ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಗುಟ್ಟು ಬಲ್ಲವರು ಆ ಸುತ್ತಿನಲ್ಲಿ ಅವನೊಬ್ಬನೇ. ಕಾದ ಕಬ್ಬಿಣ ಆರಿದಾಗ ಕುಗ್ಗುತ್ತದೆ. ಅದಕ್ಕೇ ಎರಕದವರ ಪಟ್ಟಿಯಲ್ಲಿ ಒಂದಡಿ ನಿಜವಾದ ಅಡಿಗಿಂತ ಚೂರು ಉದ್ದ. ಅವನು ನಕ್ಷೆ ಎಳೆದಿದ್ದು ಅದರಲ್ಲೇ, ಹಾಗಾಗಿ ಗೇರು ಚೂರು ದೊಡ್ಡದಾಗಿತ್ತು.

"ತಪ್ಪು ನಂದು," ಅಂತ ಬಿಂದುಶ್ರೀಗೆ ಫೋನಿನಲ್ಲಿ ಹೇಳಿದ. "ನಿನ್ ನೈಲಾನೂ ಕುಗ್ಗತದೆ ಅಂದ್ಕಂಡೆ ಕಣವ್ವ."

"ಕುಗ್ಗುತ್ತೆ ತಾತ. ಅದನ್ನ ಮಿಷಿನ್ನಿಗೆ ನಾನೇ ಹೇಳಿರ್ತೀನಿ. ಕುಗ್ಗೋದಕ್ಕೆ ಅಂತ ನೀವೂ ಹೆಚ್ಚಿಗೆ ಬಿಟ್ಟು ನಾನೂ ಬಿಟ್ಟು, ಎರಡು ಸಲ ಆಯ್ತು!"

ಮಾರನೇ ಮಧ್ಯಾಹ್ನ ಅವಳೇ ಎರಡನೇ ಗೇರು ತಂದಳು. ಸರಿಯಾಗಿ ಕೂತಿತು.

"ಇನ್ನು ಒಡೆದ್ರೂ ಚಿಂತೆ ಇಲ್ಲಮ್ಮ," ಅಂದಳು ಮುದ್ದಮ್ಮನಿಗೆ. "ಅಳತೆ ನನ್ ಕಂಪ್ಯೂಟರಲ್ಲಿದೆ, ಮತ್ತೆ ಅಳೆಯೋದೇ ಬೇಡ. ಇದೇ ಜರಡಿ ಇರೋ ಗಿರಣಿಗೆಲ್ಲಾ ಇದೇ ಸಾಕು. ಒಂದು ಫೋನ್ ಮಾಡಿ, ಅಷ್ಟೇ."

ಮುದ್ದಮ್ಮ ಖುಷಿಯಲ್ಲಿ ಯಂತ್ರ ಹಾಕಿದಳು. ಜರಡಿ ಕುಣಿಯಿತು, ಭತ್ತ ಹರಿಯಿತು, ಹೆಂಗಸರಿಬ್ಬರೂ ಅದನ್ನು ನೋಡುತ್ತಾ ನಿಂತರು.

"ಬತ್ತೀನಿ ಕಣಮ್ಮ," ಅಂದ ದೇವಯ್ಯ. ಆ ಸದ್ದಿನಲ್ಲಿ ಯಾರಿಗೂ ಕೇಳಿಸಲಿಲ್ಲ. ಅಳತೆಪಟ್ಟಿ ಕಂಕುಳಿಗೆ ಸಿಕ್ಕಿಸಿಕೊಂಡು, ಚಪ್ಪಲಿ ಮೆಟ್ಟಿ ಬಸ್ಸಿನ ಕಡೆ ನಡೆದ.